ಇಸಿಜಿ ನಾರ್ಮಲ್ ಬಂದ ಮೇಲೂ ಕೇಳಬೇಕಾದ ಪ್ರಶ್ನೆಗಳು

2025ರ ಜೂನ್, ಜುಲೈನಲ್ಲಿ ಹಾಸನ ಜಿಲ್ಲೆಯ ಹಠಾತ್ ಸಾವುಗಳ ಸುದ್ದಿ ಹಬ್ಬಿದಾಗ ಬೆಂಗಳೂರು, ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಗಳ ಮುಂದೆ ಜನ ಸಾಲುಗಟ್ಟಿ ನಿಂತರು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ಹೋದಾಗಲೂ ಹೀಗೇ ಆಗಿತ್ತು. ನಮ್ಮಂಥ ಸಣ್ಣ ಊರಿನ ಕ್ಲಿನಿಕ್ಕಿಗೂ ಜನ ಬಂದರು. ಎಲ್ಲರದೂ ಒಂದೇ ಕೋರಿಕೆ: ‘ಒಂದು ಇಸಿಜಿ ತೆಗೆದುಬಿಡಿ ಡಾಕ್ಟ್ರೇ.’ ಅವರಿಗೆ ನಾನು ಹೇಳುತ್ತ ಬಂದಿರುವ ಮಾತುಗಳಿವು.

1. ಎದೆನೋವು ಇದ್ದರೆ ಇಸಿಜಿ ತಕ್ಷಣ ಬೇಕು, ‘ಗ್ಯಾಸ್ಟ್ರಿಕ್ ಇರಬೇಕು’ ಎಂದು ಕಾಯಲೇಬಾರದು. ಆದರೆ ಯಾವ ತೊಂದರೆಯೂ ಇಲ್ಲದಾಗ ಮಲಗಿಸಿ ತೆಗೆದ ಇಸಿಜಿ ಮುಂದಿನ ವರ್ಷದ ಗ್ಯಾರಂಟಿ ಅಲ್ಲ. ರಕ್ತನಾಳದಲ್ಲಿ ಕೊಬ್ಬು ಕಟ್ಟಿಕೊಂಡಿದ್ದರೂ ಅದು ನಾರ್ಮಲ್ ಬರಬಹುದು. ಆ ಕಾಗದ ಜೇಬಿಗಿಟ್ಟುಕೊಂಡು ನಿಶ್ಚಿಂತೆಯಾಗಿ ಬೀಡಿ ಹಚ್ಚುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

2. ಬಿಡಿಬಿಡಿಯಾಗಿ ನೋಡಿದರೆ ಎಲ್ಲವೂ ‘ಸ್ವಲ್ಪ’ವೇ. ಸ್ವಲ್ಪ ಬಿಪಿ, ಬಾರ್ಡರ್ ಶುಗರ್, ದಿನಕ್ಕೆ ನಾಲ್ಕೈದು ಸಿಗರೇಟು, ಒಂದಿಷ್ಟು ಹೊಟ್ಟೆ. ಆದರೆ ಇವು ಒಬ್ಬನಲ್ಲೇ ಸೇರಿದಾಗ ಒಂದು ಇನ್ನೊಂದರ ಬಲ ಹೆಚ್ಚಿಸುತ್ತದೆ. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ‘ಇಂಟರ್‌ಹಾರ್ಟ್’ ಅಧ್ಯಯನದ ಪ್ರಕಾರ, ಮೊದಲ ಹೃದಯಾಘಾತದ ಅಪಾಯದಲ್ಲಿ ಸುಮಾರು ಶೇ. 90ರಷ್ಟು ಒಂಬತ್ತು ಅಂಶಗಳಿಂದಲೇ ಬರುತ್ತದೆ. ಬಹುಪಾಲು ನಾವು ತಿದ್ದಿಕೊಳ್ಳಬಹುದಾದವು. ಅದೇ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರಿಗೆ ಮೊದಲ ಆಘಾತವಾದ ಸರಾಸರಿ ವಯಸ್ಸು 53, ಉಳಿದವರಿಗೆ ಸುಮಾರು 59. ಹಾಗಾಗಿ ‘ಐವತ್ತಾದ ಮೇಲೆ ನೋಡೋಣ’ ಅನ್ನುವುದು ನಮಗೆ ಹೊಂದುವ ಲೆಕ್ಕವಲ್ಲ.

3. ಬಿಪಿ ಮಾತ್ರೆ ನಿಲ್ಲಿಸಬೇಡಿ. ನನ್ನ ಕೆಲಸದಲ್ಲಿ ಅತಿ ಹೆಚ್ಚು ಸಲ ಹೇಳುವ ಮಾತು ಇದು. ‘ಬಿಪಿ ಸರಿಯಾಯ್ತಲ್ಲ, ಅದಕ್ಕೇ ಬಿಟ್ಟೆ. ಮಾತ್ರೆ ಅಭ್ಯಾಸ ಆಗಿಬಿಟ್ರೆ?’ ಎಂದು ಅಮ್ಮಂದಿರು ಕೇಳುತ್ತಾರೆ. ಸರಿಯಾದದ್ದೇ ಮಾತ್ರೆಯಿಂದ ಕಣಮ್ಮಾ, ಬಿಟ್ಟರೆ ಮತ್ತೆ ಏರುತ್ತೆ ಎನ್ನುತ್ತೇನೆ. ತಲೆಸುತ್ತು ಇಲ್ಲವೆಂದರೆ ಬಿಪಿ ಇಲ್ಲವೆಂದಲ್ಲ. 170 ಇದ್ದರೂ ಏನೂ ಅನ್ನಿಸದವರು ಬೇಕಾದಷ್ಟು ಮಂದಿ. ನೋಡಿಸುವ ಮುಂಚೆ ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಸುಮ್ಮನೆ ಕೂರಬೇಕು, ಅರ್ಧ ಗಂಟೆಯೊಳಗೆ ಕಾಫಿ ಕುಡಿದಿರಬಾರದು. ಮನೆಯಲ್ಲಿ ಉಪ್ಪಿನಕಾಯಿ, ಹಪ್ಪಳ, ಮಜ್ಜಿಗೆಗೆ ಹಾಕಿಕೊಳ್ಳುವ ಉಪ್ಪು ಎಲ್ಲ ಲೆಕ್ಕಕ್ಕೆ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ ಒಬ್ಬರಿಗೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚಕ್ಕೂ ಕಡಿಮೆ.

4. ‘ನಾನು ಸೇದಲ್ಲ, ಬರೀ ಎಲೆಅಡಿಕೆ’ ಅನ್ನುವವರಿಗೆ ಬಾಯಿ ತೆರೆಯಲು ಹೇಳಿ ಹೊಗೆಸೊಪ್ಪು ಹುಡುಕುತ್ತೇನೆ. ಜಗಿಯುವ ತಂಬಾಕಿನಿಂದಲೂ ಹೃದಯಕ್ಕೆ ಪೆಟ್ಟು ಬೀಳುತ್ತದೆ. ಬಿಟ್ಟವರಿಗೆ ಲಾಭವೂ ಬೇಗ ಸಿಗುತ್ತದೆ: ಸೇದುವುದು ನಿಲ್ಲಿಸಿದ ಒಂದು ವರ್ಷದಲ್ಲಿ ಹೃದಯಕಾಯಿಲೆಯ ಹೆಚ್ಚುವರಿ ಅಪಾಯ ಸುಮಾರು ಅರ್ಧಕ್ಕಿಳಿಯುತ್ತದೆ.

5. ತೂಕದ ಯಂತ್ರಕ್ಕಿಂತ ದರ್ಜಿಯ ಟೇಪು ಹೆಚ್ಚು ಹೇಳುತ್ತದೆ. ಸೊಂಟದ ಸುತ್ತಳತೆ ನಮ್ಮ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ದಾಟಬಾರದು. ಕೈಕಾಲು ತೆಳ್ಳಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದಿರುವವರಿಗೆ ಶುಗರ್ ಪರೀಕ್ಷೆ ಮಾಡಿಸದೆ ಕಳಿಸುವುದಿಲ್ಲ.

6. ಮುಟ್ಟು ನಿಂತ ಹೆಂಗಸರನ್ನು ಮರೆಯಬಾರದು. ಗಂಡನಿಗೆ ಪ್ರತಿ ತಿಂಗಳೂ ಬಿಪಿ ನೋಡಿಸುವ ಎಷ್ಟೋ ಹೆಂಡತಿಯರು ತಮ್ಮದನ್ನು ಒಮ್ಮೆಯೂ ನೋಡಿಸಿರುವುದಿಲ್ಲ.

7. ಒಬ್ಬ ಗಂಡಸಿಗೆ 55ರೊಳಗೆ, ಹೆಂಗಸಿಗೆ 65ರೊಳಗೆ ಹೃದಯಾಘಾತವಾದರೆ ಒಡಹುಟ್ಟಿದವರನ್ನೂ ಮಕ್ಕಳನ್ನೂ ನೋಡಲೇಬೇಕು. ರೋಗಿಗೆ ಊಟ ತಂದ ತಮ್ಮನನ್ನು ಅಲ್ಲೇ ಬೆಂಚಿನ ಮೇಲೆ ಕೂರಿಸಿ ತೋಳಿಗೆ ಬಿಪಿ ಪಟ್ಟಿ ಸುತ್ತುತ್ತೇನೆ. ಮೊದಲ ಸಲ ಬಿಪಿ ಗೊತ್ತಾಗುವುದು ಅನೇಕರಿಗೆ ಹೀಗೆಯೇ. ಶುಗರ್, ಕೊಲೆಸ್ಟರಾಲ್ ಜೊತೆಗೆ ಲೈಪೊಪ್ರೋಟೀನ್-ಎ ಪರೀಕ್ಷೆಯನ್ನೂ ಬರೆದುಕೊಡುತ್ತೇನೆ. ಅದರ ಮಟ್ಟ ಬಹುಪಾಲು ವಂಶದಿಂದಲೇ ಬರುವುದರಿಂದ ಸಾಮಾನ್ಯವಾಗಿ ಜೀವನದಲ್ಲಿ ಒಮ್ಮೆ ಮಾಡಿಸಿದರೆ ಸಾಕು.