ಬೇಟೆಹಕ್ಕಿಗಳೂ ಭಾರಲೋಹಗಳೂ

ಮೊಳಕಾಲ್ಮೂರು ತಾಲ್ಲೂಕಿನ ಜಟಿಂಗ ರಾಮೇಶ್ವರ ಬೆಟ್ಟದ ಮೇಲೆ ಜಟಾಯುವು ರಾವಣನೊಡನೆ ಕಾದಾಡಿ ರೆಕ್ಕೆ ಕತ್ತರಿಸಿ ಬಿದ್ದನೆಂದು ಈ ಸೀಮೆಯ ಜನರು ತಲೆತಲಾಂತರದಿಂದ ನಂಬಿ ಬಂದಿದ್ದಾರೆ. ಅದೇ ಬೆಟ್ಟದಲ್ಲಿಯೂ, ನೆರೆಯ ಬ್ರಹ್ಮಗಿರಿ ಸಿದ್ದಾಪುರಗಳಲ್ಲಿಯೂ ಅಶೋಕನ ಶಾಸನಗಳಿರುವುದು ಸುವಿದಿತವಷ್ಟೆ. 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದ ಈ ಶಾಸನಗಳು ತಂದೆತಾಯಿಗಳಲ್ಲಿ ವಿಧೇಯತೆಯನ್ನು ಹೇಳಿದೊಡನೆಯೇ ಜೀವಿಗಳಲ್ಲಿ ದಯೆಯನ್ನೂ ಹೇಳುತ್ತವೆ. ಹೀಗೆ ಹಕ್ಕಿಯ ಕಥೆಯೂ ದಯೆಯ ಮಾತೂ ಒಂದೇ ಬಂಡೆಯ ಮೇಲೆ ಕೂಡಿರುವ ನಾಡು ನಮ್ಮದು. ಜಟಾಯುವಿನ ರೆಕ್ಕೆಯನ್ನು ಕತ್ತಿ ಕತ್ತರಿಸಿತು. ಕತ್ತಿಯೇ ಇಲ್ಲದೆ ಹದ್ದಿನ ರೆಕ್ಕೆ ಜೋತುಬೀಳುವುದೂ ಉಂಟು. ಅದು ಹೇಗೆಂಬುದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ಸೀಸ, ಪಾದರಸ, ಕ್ಯಾಡ್ಮಿಯಂ ಮೊದಲಾದುವನ್ನು ಭಾರಲೋಹಗಳೆನ್ನುವರು. ತಾಮ್ರ, ಸತು, ಕಬ್ಬಿಣಗಳು ಅಲ್ಪಪ್ರಮಾಣದಲ್ಲಿ ದೇಹಕ್ಕೆ ಬೇಕು. ಆದರೆ ಸೀಸ ಪಾದರಸಗಳಿಂದ ಯಾವ ಪ್ರಾಣಿಗೂ ಎಳ್ಳಷ್ಟೂ ಉಪಯೋಗವಿಲ್ಲ. ಬಂಡೆಯೊಳಗೆ ಹುದುಗಿರುವವರೆಗೆ ಇವು ಹೆಚ್ಚು ಬಾಧಿಸವು. ಮನುಷ್ಯನು ಅಗೆದು, ಕರಗಿಸಿ, ಬಳಸಿ, ಎಸೆದಾಗಲೇ ಇವು ಮಣ್ಣು, ನೀರು, ಗಾಳಿಗಳನ್ನು ಸೇರುತ್ತವೆ. ಸಸ್ಯಜನ್ಯ ಕಸವಾದರೆ ಕೊಳೆತು ಮಣ್ಣಾಗುತ್ತದೆ. ಲೋಹವಾದರೋ ಕೊಳೆಯುವುದಿಲ್ಲ, ಒಬ್ಬರಿಂದ ಒಬ್ಬರಿಗೆ ಕೈಬದಲಾಗುವ ಸಾಲದಂತೆ ಉಳಿದೇ ಇರುತ್ತದೆ.

ಈ ಮೂರು ಲೋಹಗಳ ದಾರಿ ಒಂದೇ ಅಲ್ಲವೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಪಾದರಸವು ನೀರಿನ ತಳದ ಕೆಸರಿನಲ್ಲಿ ಸೂಕ್ಷ್ಮಜೀವಿಗಳ ಕೆಲಸದಿಂದ ಮೀಥೈಲ್ ಪಾದರಸವಾಗುತ್ತದೆ. ಇದನ್ನು ಹುಳುವಿನಿಂದ ಮೀನು, ಮೀನಿನಿಂದ ಹಕ್ಕಿ ಪಡೆಯುವಾಗ ಮೆಟ್ಟಿಲು ಮೆಟ್ಟಿಲಿಗೂ ಸಾಂದ್ರತೆ ಏರುತ್ತದೆ. ಮೇಲಿನ ಮೆಟ್ಟಿಲಿನ ಬೇಟೆಹಕ್ಕಿಗೆ ಎಲ್ಲಕ್ಕಿಂತ ಹೆಚ್ಚು ಪಾಲು. ಕ್ಯಾಡ್ಮಿಯಂ ಮೂತ್ರಪಿಂಡದಲ್ಲಿ ಮೆಲ್ಲಮೆಲ್ಲನೆ ಸೇರಿ ವಯಸ್ಸಿನೊಡನೆ ಹೆಚ್ಚುತ್ತದೆ. ಸೀಸದ ದಾರಿ ಬೇರೆ. ಅದು ಮೆಟ್ಟಿಲೇರಿ ಬರುವುದು ಕಡಮೆ; ಕೋವಿಯ ಚರೆಯ ರೂಪದಲ್ಲಿ ನೇರವಾಗಿ ಹಕ್ಕಿಯ ಹೊಟ್ಟೆಗೆ ಬೀಳುವುದೇ ಹೆಚ್ಚು. ಗುಂಡು ತಗುಲಿಯೂ ತಪ್ಪಿಸಿಕೊಂಡ ಮೊಲವನ್ನೋ ಗೌಜಲನ್ನೋ ಹದ್ದು ಹಿಡಿದು ತಿಂದಾಗ, ಅದರ ಜಠರದ ತೀವ್ರವಾದ ಆಮ್ಲವು ಸೀಸವನ್ನು ಕರಗಿಸಿ ರಕ್ತಕ್ಕೆ ಸೇರಿಸುತ್ತದೆ. ದೇಹವು ಸೀಸವನ್ನು ಸುಣ್ಣದ ಧಾತುವೆಂದು ತಪ್ಪು ತಿಳಿದು ಮೂಳೆಯಲ್ಲಿಡುತ್ತದೆ, ರಕ್ತ ತಯಾರಿಸುವ ಕಾರ್ಯ ಕೆಡುತ್ತದೆ, ನರಗಳು ಸೋಲುತ್ತವೆ. ರೆಕ್ಕೆ ಜೋತುಬೀಳುತ್ತದೆ, ಆಹಾರ ಕೆಳಗಿಳಿಯುವುದಿಲ್ಲ, ಹಿಕ್ಕೆ ಹಸುರಾಗುತ್ತದೆ. ನೋಡಿದವರು ಹಸಿವಿನಿಂದ ಸತ್ತಿತೆಂದೇ ಭಾವಿಸುವರು.

ಇದು ಕಲ್ಪನೆಯ ಮಾತಲ್ಲ. ಅಮೆರಿಕದ ಕಾಂಡೋರ್ ಎಂಬ ಮಹಾ ರಣಹದ್ದು 1982ರಲ್ಲಿ ಕೇವಲ 22 ಉಳಿದಿತ್ತು. 1987ರಲ್ಲಿ ಉಳಿದ ಹಕ್ಕಿಗಳನ್ನೆಲ್ಲ ಹಿಡಿದು ಸಾಕಿ, ಮರಿಮಾಡಿಸಿ, ಮತ್ತೆ ಬಯಲಿಗೆ ಬಿಟ್ಟರು. ಬಿಟ್ಟ ಹಕ್ಕಿಗಳನ್ನು ಕೊಲ್ಲುತ್ತಿರುವುದು ಮುಖ್ಯವಾಗಿ ಸೀಸದ ಗುಂಡೇ. ಆದುದರಿಂದ ಕ್ಯಾಲಿಫೋರ್ನಿಯವು 2019ರಿಂದ ಬೇಟೆಗೆ ಸೀಸದ ಮದ್ದುಗುಂಡನ್ನು ಸಂಪೂರ್ಣವಾಗಿ ನಿಷೇಧಿಸಿತು. 2022ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಅಮೆರಿಕದ 38 ರಾಜ್ಯಗಳ 1,210 ಹದ್ದುಗಳನ್ನು ಪರೀಕ್ಷಿಸಿ, ಸುಮಾರು ಅರ್ಧದಷ್ಟು ಹಕ್ಕಿಗಳಲ್ಲಿ ದೀರ್ಘಕಾಲದ ಸೀಸವಿಷವನ್ನು ಕಂಡಿತು.

ಪಾದರಸದ ಕಥೆಯನ್ನು ತಿಳಿಯಬೇಕಾದರೆ ಸ್ವೀಡನ್ನಿಗೆ ಹೋಗಬೇಕು. ಅಲ್ಲಿ ಬಿತ್ತನೆಯ ಬೀಜಕ್ಕೆ ಬೂಷ್ಟು ಹಿಡಿಯದಿರಲೆಂದು ಪಾದರಸದ ಸಂಯುಕ್ತವನ್ನು ಲೇಪಿಸುತ್ತಿದ್ದರು. ಬೀಜ ತಿಂದ ಹಕ್ಕಿಗಳೂ, ಆ ಹಕ್ಕಿಗಳನ್ನು ತಿಂದ ಡೇಗೆಗಳೂ ಸತ್ತುವು. ಆಗ ವಿಜ್ಞಾನಿಗಳು ಮಾಡಿದ ಕೆಲಸ ಸರಳವೂ ಸುಂದರವೂ ಆಗಿದೆ. ಗರಿ ಬೆಳೆಯುವಾಗ ರಕ್ತದ ಪಾದರಸವು ಗರಿಗೆ ಇಳಿದು, ಬೆಳೆದು ಮುಗಿದ ಮೇಲೆ ಅಲ್ಲಿಯೇ ಬಂದಿಯಾಗುತ್ತದೆ. ಹೀಗಿರಲು, ವಸ್ತುಸಂಗ್ರಹಾಲಯಗಳಲ್ಲಿದ್ದ ನೂರು ವರ್ಷಗಳ ಹಳೆಯ ಗರಿಗಳನ್ನು ತೆಗೆದು ಅಳೆದರೆ? ಅಳೆದರು. ಒಂದು ಶತಮಾನ ಒಂದೇ ಮಟ್ಟದಲ್ಲಿದ್ದ ಪಾದರಸವು 1940ರ ಅನಂತರ ಹಲವು ಪಟ್ಟು ಏರಿದುದು ಕಂಡಿತು. 1966ರಲ್ಲಿ ಆ ಲೇಪನ ನಿಷಿದ್ಧವಾಯಿತು. ಗರಿಗಳಲ್ಲಿ ಪಾದರಸವೂ ಇಳಿಯಿತು. ಸತ್ತ ಹಕ್ಕಿ ಬದುಕಿದ ಹಕ್ಕಿಗೆ ನ್ಯಾಯ ದೊರಕಿಸಿದುದು ಹೀಗೆ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಹಕ್ಕಿ ಸತ್ತರೆ ಲೋಹವೇ ಕಾರಣವೆಂದು ಹಾರಿಬಿಡಬಾರದು. ಭಾರತದ ರಣಹದ್ದುಗಳು 1990ರ ದಶಕದಲ್ಲಿ ನಾಶವಾಗತೊಡಗಿದಾಗ ನಾನಾ ಊಹೆಗಳೆದ್ದುವು. ದನಗಳಿಗೆ ಕೊಡುವ ಡೈಕ್ಲೋಫೆನಾಕ್ ಎಂಬ ನೋವಿನ ಔಷಧವೇ ಕಾರಣವೆಂದು 2004ರಲ್ಲಿ ಸಿದ್ಧವಾಯಿತು. 2006ರಲ್ಲಿ ಅದರ ಪಶುಬಳಕೆಯನ್ನು ನಿಷೇಧಿಸಲಾಯಿತು. ನಮ್ಮ ರಾಜ್ಯದ ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿಸಿದರು. ಪರೀಕ್ಷೆಯಿಲ್ಲದ ಊಹೆಯೂ, ಊಹೆಯಿಲ್ಲದ ಪರೀಕ್ಷೆಯೂ ಎರಡೂ ಕುರುಡು.

ಈಗ ನಮ್ಮ ಬಯಲಿಗೆ ಬರೋಣ. ಚಳ್ಳಕೆರೆಯ ಎಣ್ಣೆ ಗಿರಣಿಗಳು ಹೆಸರಾದುವು. ಅವುಗಳಿಗೆ ಶೇಂಗಾ ಒದಗಿಸುವ ಹೊಲಗಳಲ್ಲಿ ಇಲಿಯುಂಟು, ಇಲಿಯಿರುವಲ್ಲಿ ಗೂಬೆ ಗಿಡುಗಗಳುಂಟು. ಮೈಸೂರು ಅರಸರ ಕಾಲದಿಂದ ಬಂದ ಅಮೃತಮಹಲ್ ಕಾವಲುಗಳಲ್ಲಿ ಚಳಿಗಾಲದಲ್ಲಿ ಮಧ್ಯ ಏಷ್ಯದ ಹುಲ್ಲುಗಾವಲುಗಳಿಂದ ಹ್ಯಾರಿಯರ್ ಎಂಬ ಗಿಡುಗಗಳು ಬಂದು, ಹುಲ್ಲಿನ ಮೇಲೆ ತಗ್ಗಿ ಹಾರುತ್ತ ಮಿಡತೆಗಳನ್ನು ಹಿಡಿಯುತ್ತವೆ. ಇತ್ತೀಚೆಗೆ ಈ ಕಾವಲುಗಳ ದೊಡ್ಡ ಭಾಗ ಭಾರತೀಯ ವಿಜ್ಞಾನ ಸಂಸ್ಥೆ, ರಕ್ಷಣಾ ಸಂಶೋಧನೆ, ಬಾಹ್ಯಾಕಾಶ, ಅಣುಶಕ್ತಿ ಸಂಸ್ಥೆಗಳಿಗೆ ಹೋಗಿದೆ. ವಿಜ್ಞಾನ ಸಂಸ್ಥೆಗೆ ದೊರೆತ ಕುದಾಪುರದ ನೆಲವೊಂದೇ 1,500 ಎಕರೆ. ಈ ಸಂಸ್ಥೆಗಳು ಲೋಹವನ್ನು ಚೆಲ್ಲುತ್ತವೆಂದು ನನ್ನ ಆರೋಪವಲ್ಲ. ಹಳೆಯ ಬ್ಯಾಟರಿ, ಬಣ್ಣ, ಟ್ಯೂಬ್‌ಲೈಟು, ರಂಜಕದ ಗೊಬ್ಬರದೊಡನೆ ಬರುವ ಕ್ಯಾಡ್ಮಿಯಂ, ಇವುಗಳ ಹೊರೆ ನಮ್ಮೆಲ್ಲರದೂ ಹೌದು. ನೆಲದ ಬಳಕೆ ಬದಲಾಗುವ ಕಾಲದಲ್ಲಿ, ಬದಲಾವಣೆಗೆ ಮುಂಚಿನ ಲೆಕ್ಕ ಕೈಯಲ್ಲಿರಬೇಕೆಂಬುದೇ ನನ್ನ ವಾದ. ಸ್ವೀಡನ್ನಿನವರಿಗೆ ನೂರು ವರ್ಷದ ಗರಿ ಇತ್ತು. ಅದಿಲ್ಲದಿದ್ದರೆ ಏರಿಕೆಯನ್ನು ಯಾರು ಸಾಧಿಸುತ್ತಿದ್ದರು?

ಈ ಲೆಕ್ಕಕ್ಕೆ ನಾವೇನು ಮಾಡಬಹುದು? ಬೇಟೆಹಕ್ಕಿಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿರುವುದರಿಂದ ಸತ್ತ ಹಕ್ಕಿಯನ್ನಾಗಲಿ ಗರಿಯನ್ನಾಗಲಿ ನಾವೇ ಕೂಡಿಡುವಂತಿಲ್ಲ. ಆದರೆ ಸತ್ತ ಹಕ್ಕಿಯನ್ನು ಕಂಡಲ್ಲಿ ಸ್ಥಳ, ದಿನಾಂಕಗಳನ್ನು ಬರೆದುಕೊಂಡು ಅರಣ್ಯ ಇಲಾಖೆಗೂ ಪಶುವೈದ್ಯರಿಗೂ ತಿಳಿಸಬಹುದು. ಕಾಲೇಜಿನ ಪ್ರಾಣಿಶಾಸ್ತ್ರ, ರಸಾಯನಶಾಸ್ತ್ರ ವಿಭಾಗಗಳು ಸೂಕ್ತ ಅನುಮತಿ ಪಡೆದು ಉದುರಿದ ಗರಿಗಳನ್ನು ಊರು, ವರ್ಷ ನಮೂದಿಸಿ ಸಂಗ್ರಹಿಸಬಹುದು. ಇಂದು ಅಳೆಯುವ ಯಂತ್ರ ನಮ್ಮಲ್ಲಿಲ್ಲದಿದ್ದರೂ ಚಿಂತೆಯಿಲ್ಲ. ಐವತ್ತು ವರ್ಷದ ಮೇಲೆ ಬರುವವನು ಅಳೆಯಲಿ. ಕಲಾ ವಿದ್ಯಾರ್ಥಿಗಳಿಗೆ ಇದು ಹೊರಗಿನ ವಿಷಯವೆನಿಸಬೇಕಾಗಿಲ್ಲ. ಶಾಸನವನ್ನು ಓದುವಂತೆಯೇ ಗರಿಯನ್ನೂ ಓದಬಹುದು, ಎರಡೂ ದಾಖಲೆಗಳೇ.

ಗಿಡುಗ ತಿನ್ನುವ ಇಲಿ ನಮ್ಮ ಹೊಲದ ಕಾಳನ್ನೇ ತಿಂದದ್ದು. ಅದು ಕುಡಿದ ನೀರು ನಮ್ಮ ಕೆರೆಯದೇ. ಆದುದರಿಂದ ಗಿಡುಗದ ಗರಿಯಲ್ಲಿ ಲೋಹ ಏರಿದರೆ ಆ ಸುದ್ದಿ ಹಕ್ಕಿಯೊಂದಕ್ಕೇ ಸಂಬಂಧಿಸಿದ್ದಲ್ಲ. ಜಟಾಯು ತಾನು ಕಂಡುದನ್ನು ರಾಮನಿಗೆ ತಿಳಿಸಿದ ಮೇಲೆಯೇ ಪ್ರಾಣ ಬಿಟ್ಟನಂತೆ. ನಮ್ಮ ಬಯಲಿನ ಹಕ್ಕಿಗಳೂ ಹೇಳುವುದನ್ನು ಗರಿಯಲ್ಲಿ ಹೇಳುತ್ತಲೇ ಇವೆ, ಕೇಳುವವರು ಬೇಕು.