ದುಡಿಯುವ ಮಂದಿ ಎತ್ತ ಹೋದರು?

ನಂಬಿ ಬಳಸುತ್ತಿದ್ದ ಮುಕ್ತ ತಂತ್ರಾಂಶವೊಂದು ಎರಡಾಗಿ ಕವಲೊಡೆದರೆ ಯಾವ ಕಡೆ ಹೋಗಬೇಕು? ದಾವಣಗೆರೆಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವ ನನಗೆ ಈ ಪ್ರಶ್ನೆ ಮತ್ತೆ ಮತ್ತೆ ಎದುರಾಗಿದೆ. ಮೊದಲು ಕಾಡಿದ್ದು ಓಪನ್ ಆಫೀಸ್ ವಿಷಯದಲ್ಲಿ.

ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ 2000ದಲ್ಲಿ ಸ್ಟಾರ್ ಆಫೀಸಿನ ಕೋಡನ್ನು ಎಲ್ಲರಿಗೂ ತೆರೆದಿಟ್ಟಾಗ ಹುಟ್ಟಿದ್ದು ಓಪನ್ ಆಫೀಸ್. 2010ರಲ್ಲಿ ಸನ್ ಕಂಪನಿಯೇ ಒರಾಕಲ್ ಕೈಸೇರಿತು. ಹೊಸ ಯಜಮಾನರು ಓಪನ್ ಆಫೀಸನ್ನು ಹೇಗೆ ನಡೆಸುತ್ತಾರೋ ಎಂಬ ಆತಂಕಕ್ಕೆ ಅದರಲ್ಲಿ ದುಡಿಯುತ್ತಿದ್ದ ಹಲವರು ಅದೇ ವರ್ಷದ ಸೆಪ್ಟೆಂಬರ್ 28ರಂದು ಡಾಕ್ಯುಮೆಂಟ್ ಫೌಂಡೇಶನ್ ಘೋಷಿಸಿ, ಲಿಬ್ರೆ ಆಫೀಸ್ ಶುರುಮಾಡಿದರು. ಹಳೆಯ ಹೆಸರು ಒರಾಕಲ್ ಬಳಿಯೇ ಉಳಿದು, ಮರುವರ್ಷ ಅಪಾಚೆ ಸಂಸ್ಥೆಗೆ ಹೋಯಿತು.

"ಒರಿಜಿನಲ್ಲೇ ಐತಲ್ರೀ ಸರ್, ಇನ್ನೊಂದ್ಯಾಕೆ?" ಎಂದು ಸಹೋದ್ಯೋಗಿಯೊಬ್ಬರು ಕೇಳಿದ್ದರು. ನ್ಯಾಯವಾದ ಪ್ರಶ್ನೆಯೇ. ಆದರೆ ಅಣ್ಣತಮ್ಮಂದಿರು ಪಾಲಾದರೆ ಹೊಲ ಇಬ್ಭಾಗವಾಗುತ್ತದೆ. ಇಲ್ಲಿ ಇಡೀ ಹೊಲ ಇಬ್ಬರಿಗೂ ಸಿಗುತ್ತದೆ, ಹಂಚಿಹೋಗುವುದು ದುಡಿಯುವ ಕೈಗಳು ಮಾತ್ರ. ಹಾಗಾಗಿ ನಾನು ಹೆಸರನ್ನು ಬದಿಗಿಟ್ಟು, ಎರಡೂ ಕಡೆ ಯಾರು ತಿದ್ದುತ್ತಿದ್ದಾರೆ, ಭದ್ರತಾ ದೋಷಗಳಿಗೆ ಎಷ್ಟು ಬೇಗ ಪರಿಹಾರ ಬರುತ್ತಿದೆ ಎಂದು ನೋಡತೊಡಗಿದೆ. ಜೀವ ಇದ್ದದ್ದು ಲಿಬ್ರೆ ಆಫೀಸಿನ ಕಡೆ.

ಕನ್ನಡದ ಮಟ್ಟಿಗೆ ಅದರ ಫಲ ಕಣ್ಣಿಗೇ ಕಂಡಿತು. ಲ್ಯಾಬಿನ ಯಂತ್ರಗಳೆಲ್ಲ ಲಿನಕ್ಸ್. ವಿಭಾಗದ ವಾರ್ಷಿಕ ಸಂಚಿಕೆ ಅಚ್ಚಾಗುವುದು ಹರಿಹರದಲ್ಲಿ, ಅಲ್ಲಿನ ಡಿಟಿಪಿ ಅಂಗಡಿಯಲ್ಲಿ ವಿಂಡೋಸ್. ಆಗ ಅಕ್ಷರ ಜೋಡಿಸುವ ಎಂಜಿನ್ ವಿಂಡೋಸಿಗೊಂದು, ಲಿನಕ್ಸಿಗೊಂದು ಇತ್ತು. ಇಲ್ಲಿ ಸರಿಯಾಗಿದ್ದ ಸಾಲು ಅಲ್ಲಿ ಮುರಿಯುತ್ತಿತ್ತು, ಪುಟ ಜಾರುತ್ತಿತ್ತು, ಒತ್ತಕ್ಷರ ಇದ್ದಲ್ಲೆಲ್ಲ ಕಣ್ಣಿಟ್ಟು ಪ್ರೂಫ್ ನೋಡಬೇಕಿತ್ತು. 2017ರ ಫೆಬ್ರುವರಿಯಲ್ಲಿ ಬಂದ ಲಿಬ್ರೆ ಆಫೀಸಿನ 5.3 ಆವೃತ್ತಿ ಎಲ್ಲ ಕಡೆಗೂ ಹಾರ್ಫ್‌ಬಜ್ ಎಂಬ ಒಂದೇ ಎಂಜಿನ್ ತಂದಿತು. ಫಾಂಟ್ ಒಂದೇ ಇದ್ದರೆ ಎರಡೂ ಊರಲ್ಲಿ ಪುಟ ಹೊಂದತೊಡಗಿತು. ಕನ್ನಡದಂಥ ಲಿಪಿಗಳಿಗೆ ಇದು ಸಣ್ಣ ಉಪಕಾರವಲ್ಲ.

ಹಳೆಯ ಕಡತಗಳ ಭಯವೂ ಇರಲಿಲ್ಲ. ಎರಡು ಕವಲುಗಳೂ ಓಡಿಎಫ್ ನಮೂನೆಯನ್ನೇ ಬಳಸುತ್ತವೆ, 2006ರಲ್ಲೇ ಅದು ಐಎಸ್ಒ ಮಾನಕವಾಗಿದೆ. ಕಡತ ಮುಕ್ತ ನಮೂನೆಯಲ್ಲಿದ್ದರೆ ತಂತ್ರಾಂಶ ಒಡೆದರೂ ನಮ್ಮ ಅಂಕಪಟ್ಟಿ ಒಡೆಯುವುದಿಲ್ಲ.

ಡೇಟಾಬೇಸ್ ಪಾಠ ಬೇರೆಯೇ. ಮೈಎಸ್‌ಕ್ಯೂಎಲ್ ಕಟ್ಟಿದ ಮೈಕೆಲ್ ವಿಡೇನಿಯಸ್ 2009ರಲ್ಲಿ ಅದನ್ನು ಕವಲೊಡೆಸಿ, ಹೊಸ ಕವಲನ್ನು ಮಗಳು ಮರಿಯಾಳ ಹೆಸರಿನ ಮೇಲೆ ಮರಿಯಾಡಿಬಿ ಎಂದು ಕರೆದರು. ಹಳೆಯದರಲ್ಲಿರುವ 'ಮೈ' ಕೂಡ ಇನ್ನೊಬ್ಬ ಮಗಳ ಹೆಸರೇ. 2017ರ ಡೆಬಿಯನ್ 9 ಲಿನಕ್ಸಿನಲ್ಲಿ ಮೈಎಸ್‌ಕ್ಯೂಎಲ್ ಜಾಗಕ್ಕೆ ಮರಿಯಾಡಿಬಿ ಬಂತು. ಲ್ಯಾಬ್ ಮ್ಯಾನ್ಯುಯಲಿನ ಕ್ವೆರಿಗಳೆಲ್ಲ ಹಾಗೇ ಓಡಿದ್ದರಿಂದ ಎರಡೂ ಒಂದೇ ಎಂದು ವಿದ್ಯಾರ್ಥಿಗಳು ತಿಳಿದರು. ಆದರೆ ಕವಲಿಗೆ ವಯಸ್ಸಾದಂತೆ ಅಂತರ ಬೆಳೆಯುತ್ತದೆ. ಜೇಸನ್ ದತ್ತಾಂಶಕ್ಕೆ ಮೈಎಸ್‌ಕ್ಯೂಎಲಿನಲ್ಲಿ ಪ್ರತ್ಯೇಕ ಪ್ರಕಾರವೇ ಇದೆ; ಮರಿಯಾಡಿಬಿ ಅದನ್ನು ಉದ್ದನೆಯ ಪಠ್ಯವಾಗಿ ಇಡುತ್ತದೆ. ಈಗ ನಮ್ಮಲ್ಲಿ ಪ್ರಾಜೆಕ್ಟ್ ವರದಿಯ ಮೊದಲ ಪುಟದಲ್ಲೇ ಯಾವ ಕವಲು, ಯಾವ ಆವೃತ್ತಿ ಎಂದು ಬರೆಯಬೇಕು. ಬರೆಯದಿದ್ದರೆ ನಾನು ಸಹಿ ಹಾಕುವುದಿಲ್ಲ.