ಒಲೆಯ ಮುಂದೆ ನಿಲ್ಲದೆ ಹುರಿಹಿಟ್ಟಿನ ಉಂಡೆ

ಸಂಜೆ ಶಾಲೆ ಬಿಟ್ಟು ಬರುವ ಮಕ್ಕಳಿಗೆ ಚೀಲ ಇಳಿಸುವ ಮೊದಲೇ ತಿನ್ನಲು ಏನಾದರೂ ಬೇಕು. ತಾಯಿ ಇನ್ನೂ ಹೊಲದಲ್ಲಿರುತ್ತಾಳೆ, ಇಲ್ಲವೆ ಆಗತಾನೆ ಬಂದು ಹಸುವಿಗೆ ಮೇವು ಹಾಕುತ್ತಿರುತ್ತಾಳೆ. ಒಲೆ ಹಚ್ಚಲು ಪುರುಸೊತ್ತಿಲ್ಲ. ಹೀಗಾಗಿ ಮಗುವಿನ ಕೈಗೆ ಎರಡು ಕಾಸು, ಅಂಗಡಿಯಿಂದ ಬಿಸ್ಕತ್ತು ಅಥವಾ ಬಣ್ಣದ ಪೊಟ್ಟಣದ ಕುರುಕಲು. ತಾಳವಾಡಿ, ಹೊಸೂರು ಕಡೆಯ ನಮ್ಮ ಮನೆಗಳಲ್ಲಿ ಸುಗ್ಗಿಯ ರಾಗಿಯನ್ನೆಲ್ಲ ಮಂಡಿಗೆ ಹಾಕಿ, ಅದರ ದುಡ್ಡಿನಲ್ಲಿ ಮೈದಾ ಮತ್ತು ಸಕ್ಕರೆಯ ತಿಂಡಿ ಕೊಂಡು ತರುವುದು ಯಾವ ಲೆಕ್ಕದಲ್ಲಿ ಲಾಭವೋ ತಿಳಿಯದು.

ಈಚೆಗೆ ಪಟ್ಟಣದ ಮನೆಗಳಲ್ಲಿ ಓಟ್ಸ್ ಉಂಡೆ ಎಂಬ ತಿಂಡಿ ರೂಢಿಗೆ ಬಂದಿದೆ. ಬೇಯಿಸುವುದೂ ಇಲ್ಲ, ಸುಡುವುದೂ ಇಲ್ಲ. ಓಟ್ಸ್, ಬೀಜಗಳು, ಸಿಹಿ ಮೂರನ್ನೂ ಕಲಸಿ ಉಂಡೆ ಕಟ್ಟಿದರೆ ಮುಗಿಯಿತು. ಇದು ಹೇಗೆ ಸಾಧ್ಯವೆಂದರೆ, ಪೊಟ್ಟಣದ ಓಟ್ಸ್ ಹಸಿ ಕಾಳಲ್ಲ. ಕಾರ್ಖಾನೆಯಲ್ಲಿ ಅದನ್ನು ಹಬೆಯಲ್ಲಿ ಹದಗೊಳಿಸಿ ಉರುಳೆಯ ನಡುವೆ ಚಪ್ಪಟೆ ಮಾಡಿರುತ್ತಾರೆ. ನಮ್ಮ ಅವಲಕ್ಕಿಯೂ ಹೀಗೆಯೇ: ಭತ್ತವನ್ನು ನೆನೆಸಿ, ಹುರಿದು, ಕುಟ್ಟಿ ಚಪ್ಪಟೆ ಮಾಡಿದ್ದು. ಹಿರಿಯರು 'ಹುರಿಟ್ಟು' ಎನ್ನುತ್ತಿದ್ದ ರಾಗಿ ಹುರಿಹಿಟ್ಟಂತೂ ಕಾಳು ಅರಳಿದಾಗಲೇ ಬೆಂದಿರುತ್ತದೆ. ಓಟ್ಸ್ ಕೆಟ್ಟದ್ದೆಂದು ಹೇಳುತ್ತಿಲ್ಲ. ಅದರಲ್ಲಿ ಸಸಾರಜನಕ ರಾಗಿಗಿಂತ ಹೆಚ್ಚು, ಅದರ ನಾರಿನಂಶ ರಕ್ತದ ಕೊಲೆಸ್ಟ್ರಾಲ್ ಇಳಿಸಲು ನೆರವಾಗುತ್ತದೆ. ಆದರೆ ಸುಣ್ಣದಂಶದಲ್ಲಿ ರಾಗಿಗೆ ಸಮನಾದ ಧಾನ್ಯವಿಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಓಟ್ಸ್‌ನಲ್ಲಿ 50ರ ಆಸುಪಾಸು, ಅಕ್ಕಿಯಲ್ಲಿ ಇನ್ನೂ ಕಡಿಮೆ. ನಮ್ಮ ದೇಶದಲ್ಲಿ ಓಟ್ಸ್ ಬೆಳೆಯುವುದು ಬಹುಪಾಲು ದನದ ಮೇವಿಗೆ ಎಂಬುದೂ ತಿಳಿದಿರಲಿ.

ಹುರಿಹಿಟ್ಟು ಮಾಡಲು ಒಂದು ದಿನ ಮಾತ್ರ ಒಲೆಯ ಕೆಲಸವಿದೆ. ಚೆನ್ನಾಗಿ ಬಲಿತ ರಾಗಿಯನ್ನು ಜಾಲಿಸಿ ಕಲ್ಲು ತೆಗೆಯಿರಿ. ನೀರು ಬಸಿದು, ಅರೆಬರೆ ಆರಿದ ಕಾಳಿಗೆ ತುಸು ಮಜ್ಜಿಗೆ ಚಿಮುಕಿಸಿ, ಬಟ್ಟೆಯಲ್ಲಿ ಕಟ್ಟಿ ರಾತ್ರಿಯಿಡೀ ಬಿಡಿ. ಕಾಳಿನ ಒಳಗೆ ಸೇರಿದ ಈ ತೇವವೇ ಬಿಸಿ ತಾಗಿದಾಗ ಆವಿಯಾಗಿ ಕಾಳನ್ನು ಒಡೆದು ಅರಳಿಸುವುದು. ತೇವ ಸಾಲದಿದ್ದರೆ ಕಾಳು ಸೀಯುತ್ತದೆ, ಹೆಚ್ಚಾದರೆ ಮೆತ್ತಗಾಗಿ ಅರಳುವುದೇ ಇಲ್ಲ. ಮುಷ್ಟಿಯಲ್ಲಿ ಹಿಡಿದಾಗ ತಣ್ಣಗಿರಬೇಕು, ಕೈಗೆ ಅಂಟಬಾರದು. ಬೆಳಿಗ್ಗೆ ದಪ್ಪ ಬಾಣಲೆಯನ್ನು ಚೆನ್ನಾಗಿ ಕಾಯಿಸಿ, ಒಂದೊಂದು ಹಿಡಿಯಂತೆ ಹಾಕಿ ಬಟ್ಟೆಯ ಉಂಡೆಯಿಂದ ಬೇಗ ಬೇಗ ಆಡಿಸಿ. ಚಟಪಟ ಸದ್ದು ನಿಂತೊಡನೆ ಇಳಿಸಿ. ಕಾದ ಮರಳಿನಲ್ಲಿ ಹುರಿದರೆ ಇನ್ನೂ ಚೆನ್ನಾಗಿ ಅರಳುತ್ತದೆ, ಆದರೆ ಮರಳನ್ನು ಪೂರ್ತಿ ಜರಡಿ ಹಿಡಿಯುವ ತಾಳ್ಮೆ ಬೇಕು. ಪೂರ್ತಿ ಆರಿದ ಮೇಲೆ ಬೀಸಿ, ಒಣಗಿದ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿಟ್ಟರೆ ಒಂದು ತಿಂಗಳಿಗೆ ಕೊರತೆಯಿಲ್ಲ. ಬೀಸುವಾಗ ನಾಲ್ಕು ಪಾಲು ರಾಗಿಗೆ ಒಂದು ಪಾಲು ಹುರಿಗಡಲೆ ಸೇರಿಸುವುದು ಒಳ್ಳೆಯದು. ರಾಗಿಯ ಸಸಾರಜನಕದಲ್ಲಿ ಕಡಿಮೆಯಿರುವ ಭಾಗವನ್ನು ಬೇಳೆಕಾಳು ತುಂಬಿಕೊಡುತ್ತದೆ.

ಗಿರಣಿಯಿಂದ ತಂದ ಮುದ್ದೆಯ ಹಸಿಹಿಟ್ಟನ್ನು ಹಾಗೆಯೇ ಉಂಡೆಗೆ ಹಾಕಬಾರದು. ಅದು ಬೆಂದಿಲ್ಲ, ಹೊಟ್ಟೆಗೆ ಭಾರ, ರೋಗಾಣುಗಳೂ ಇರಬಹುದು.

ಇನ್ನು ಉಂಡೆ. ಹುರಿದು ಸಿಪ್ಪೆ ತೆಗೆದ ಕಡಲೆಕಾಯಿ ಬೀಜ ಒಂದು ಲೋಟ, ಪುಡಿ ಬೆಲ್ಲ ಮುಕ್ಕಾಲು ಲೋಟ, ಹುರಿಹಿಟ್ಟು ಒಂದು ಲೋಟ, ಹುರಿದ ಎಳ್ಳು ಎರಡು ಚಮಚ, ಎರಡು ಏಲಕ್ಕಿ. ಮೊದಲು ಬೀಜ ಮತ್ತು ಬೆಲ್ಲವನ್ನು ಒಟ್ಟಿಗೆ ಒರಳಿನಲ್ಲಿ ಕುಟ್ಟಿ, ಅಥವಾ ಮಿಕ್ಸಿಯಲ್ಲಿ ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಸ್ವಲ್ಪ ಹೊತ್ತಿಗೆ ಬೀಜದ ಎಣ್ಣೆ ಬಿಟ್ಟು ಪುಡಿ ಮುದ್ದೆಯಾಗತೊಡಗುತ್ತದೆ. ಪಾಕ ಹಿಡಿಯುವ ರಗಳೆಯೇ ಇಲ್ಲ, ಈ ಎಣ್ಣೆಯೇ ಅಂಟು. ಇದಕ್ಕೆ ಹುರಿಹಿಟ್ಟು, ಎಳ್ಳು, ಏಲಕ್ಕಿ ಪುಡಿ ಕಲಸಿ ನಿಂಬೆಹಣ್ಣಿನ ಗಾತ್ರಕ್ಕೆ ಒತ್ತಿ ಕಟ್ಟಿ. ಬಿರುಕು ಬಿಟ್ಟರೆ ಒಂದೆರಡು ಚಮಚ ಕರಗಿಸಿದ ತುಪ್ಪ ಸಾಕು. ಹದಿನೈದು ಹದಿನಾರು ಉಂಡೆಗಳಾಗುತ್ತವೆ. ನೀರು, ಹಾಲು ಸೋಕದಿದ್ದರೆ ಹತ್ತು ದಿನ ಕೆಡುವುದಿಲ್ಲ. ಹಾಲಿನಲ್ಲಿ ಕಲಸಿದ್ದನ್ನು, ಹಸಿ ಕೊಬ್ಬರಿ ತುರಿ ಹಾಕಿದ್ದನ್ನು ಅಂದೇ ತಿಂದು ಮುಗಿಸಬೇಕು. ಹುರಿಹಿಟ್ಟಿನ ಜಾಗದಲ್ಲಿ ಗರಿಗರಿಯಾಗಿ ಬೆಚ್ಚಗೆ ಮಾಡಿ ಪುಡಿಮಾಡಿದ ತೆಳು ಅವಲಕ್ಕಿಯನ್ನೋ ಓಟ್ಸ್ ಅನ್ನೋ ಹಾಕಿದರೂ ಇದೇ ಕ್ರಮ.

ಕಡಲೆಕಾಯಿಯ ಬಗ್ಗೆ ಮಾತ್ರ ತುಸು ಹೆಚ್ಚಾಗಿಯೇ ಹೇಳಬೇಕು. ಮನೆಯ ಬೆಳೆಯಲ್ಲಿ ಒಳ್ಳೆಯ ಕಾಯಿ ಮಾರಾಟಕ್ಕೆ, ಮುರುಟಿದ್ದು, ಬೂಸ್ಟು ಹಿಡಿದದ್ದು ಮನೆಬಳಕೆಗೆ ಎಂಬ ರೂಢಿ ಬಹಳ ಕಡೆ ಇದೆ. ಇದು ಅಪಾಯ. ಸರಿಯಾಗಿ ಒಣಗದ ಕಾಯಿಯಲ್ಲಿ ಬೆಳೆಯುವ ಒಂದು ಜಾತಿಯ ಹಳದಿ ಹಸಿರು ಬೂಸ್ಟು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ, ಅವುಗಳ ಮೇವಿಗೆ ಹಾಕಿದ್ದ ಕಡಲೆಕಾಯಿ ಹಿಂಡಿಯಿಂದಲೇ ಈ ವಿಷದ ಪತ್ತೆಯಾಯಿತು. ಇದು ಯಕೃತ್ತನ್ನು ಕೆಡಿಸುತ್ತದೆ, ಬಹುಕಾಲ ಸೇರಿದರೆ ಅಲ್ಲಿ ಕ್ಯಾನ್ಸರ್ ತರಬಲ್ಲದು. ಹುರಿದರೆ ಪೂರ್ತಿ ನಾಶವಾಗುವುದಿಲ್ಲ. ಆದ್ದರಿಂದ ಕಿತ್ತ ಕಾಯನ್ನು ಅಲುಗಾಡಿಸಿದರೆ ಬೀಜ ಗಲಗಲ ಎನ್ನುವವರೆಗೆ ಒಣಗಿಸಿ, ನೆಲಕ್ಕೆ ತಾಗದಂತೆ ಮೂಟೆ ಇಡಿ. ಬಣ್ಣಗೆಟ್ಟ, ಮುರುಟಿದ, ಕಹಿಯಾದ ಬೀಜವನ್ನು ಆರಿಸಿ ಎಸೆಯಿರಿ. ಹಸುವಿಗೂ ಹಾಕಬೇಡಿ, ಅದರ ಒಂದು ಪಾಲು ಹಾಲಿಗೆ ಇಳಿದು ನಿಮ್ಮ ಲೋಟಕ್ಕೇ ಬರುತ್ತದೆ.

ಒಂದು ಉಂಡೆಯಲ್ಲಿ ಸುಮಾರು 120 ಕ್ಯಾಲೊರಿ ಇರುತ್ತದೆ. ಶಾಲೆಯ ಮಗುವಿಗೆ ಎರಡು, ಹೊಲದಲ್ಲಿ ಕಳೆ ಕೀಳುವ ತಾಯಿಗೂ ಎರಡು. ಎಲ್ಲರಿಗೂ ಬಡಿಸಿ ಉಳಿದದ್ದನ್ನು ತಿನ್ನುವ ನಮ್ಮ ಹೆಂಗಸರಲ್ಲಿ ರಕ್ತಹೀನತೆ ಬಹಳ. ಆಕೆಯ ಪಾಲನ್ನು ಬೆಳಿಗ್ಗೆಯೇ ಬುತ್ತಿಗೆ ಕಟ್ಟಿಬಿಡುವುದು ಮೇಲು. ಉಂಡೆಯ ಜೊತೆಗೇ ಚಹಾ ಬೇಡ, ಅದು ಕಬ್ಬಿಣದಂಶ ಮೈಗೆ ಹತ್ತದಂತೆ ತಡೆಯುತ್ತದೆ. ಸೀಬೆಹಣ್ಣೋ ನೆಲ್ಲಿಕಾಯಿಯೋ ಇದ್ದರೆ ಮೈಗೆ ಹತ್ತಲು ಸಹಾಯ. ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಬೀಜ ಗಂಟಲಿಗೆ ಸಿಕ್ಕಿಕೊಳ್ಳಬಹುದು, ಅವರಿಗೆ ಕೊಡುವುದನ್ನು ನುಣ್ಣಗೆ ಅರೆದು ಮೆತ್ತಗೆ ಮಾಡಿ. ಬೆಲ್ಲದ ಬದಲು ಜೇನು ಬಳಸುವವರು ಒಂದು ವರ್ಷದೊಳಗಿನ ಕೂಸಿಗೆ ಅದನ್ನು ನೆಕ್ಕಿಸಲೇಬಾರದು.

ಸಕ್ಕರೆ ಕಾಯಿಲೆಯವರು 'ಬೆಲ್ಲ ತಾನೇ' ಎಂದು ಸಮಾಧಾನ ಪಟ್ಟುಕೊಳ್ಳುವುದು ಬೇಡ. ರಕ್ತದಲ್ಲಿ ಅದೂ ಸಕ್ಕರೆಯೇ, ಒಂದು ಉಂಡೆಯಲ್ಲಿ ಎರಡು ಚಮಚದಷ್ಟಾದರೂ ಇರುತ್ತದೆ. ಅಂಥವರು ಎರಡು ಮೂರು ಚಮಚ ಹುರಿಹಿಟ್ಟಿಗೆ ಮಜ್ಜಿಗೆ, ಚಿಟಿಕೆ ಉಪ್ಪು, ಹೆಚ್ಚಿದ ಈರುಳ್ಳಿ, ಕೊತ್ತಂಬರಿ ಸೊಪ್ಪು ಹಾಕಿ ಕಲಸಿಕೊಳ್ಳಲಿ. ಬಿಸಿಲ ಹೊತ್ತಿಗೆ ಇದು ಉಂಡೆಗಿಂತಲೂ ಹಿತ.